ಸಂಜೆಯಾಯಿತು, ಮರಿಗಳು ಗೂಡು ಸೇರಿದವೇ?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಹಾಡಿನ ಕೋರಿಕೆ, ಉಳಿದದ್ದು ಹುಟ್ಟುಹಬ್ಬದ ಶುಭಾಶಯ. ಈ ಸಲ ನಾಲಾಸೋಪಾರದಿಂದ ಬಂದ ಒಂದು ಪತ್ರದಲ್ಲಿ ಇವೆರಡೂ ಇರಲಿಲ್ಲ. ಚಾಳಿನ ಹಿಂದೆ ಸ್ವಲ್ಪ ಜಾಗವಿದೆ, ಮಗಳ ಹಟಕ್ಕೆ ಸಂತೆಯಿಂದ ಐದು ಕೋಳಿಮರಿ ತಂದೆವು, ಹಳೆಯ ಹಲಗೆ ಹೊಡೆದು ಗೂಡನ್ನೂ ಮಾಡಿದೆವು. ಆದರೆ ಕತ್ತಲಾದರೆ ಒಂದೂ ಒಳಗೆ ಹೋಗುವುದಿಲ್ಲ, ಗೂಡಿನ ಹೊರಗೆ ಗೋಡೆಯ ಮೂಲೆಯಲ್ಲಿ ಒತ್ತಿಕೊಂಡು ಚಿಂವ್‌ಗುಟ್ಟುತ್ತವೆ. ಮಗಳು ಪೊರಕೆ ಹಿಡಿದು ಅಟ್ಟಿ ಅಟ್ಟಿ ಸೋತಿದ್ದಾಳೆ. ಹೋದ ವಾರ ಎರಡನ್ನು ಹೆಗ್ಗಣ ಎಳೆದೊಯ್ದಿತು, ಉಳಿದ ಮೂರನ್ನಾದರೂ ಉಳಿಸಿಕೊಳ್ಳುವುದು ಹೇಗೆ? ಇದು ಆ ತಾಯಿಯ ಪ್ರಶ್ನೆ. ಎರಡು ಹಾಡುಗಳ ನಡುವಿನ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ಇದಕ್ಕಿಲ್ಲ. ಅದಕ್ಕೇ ಈ ಪುಟ.

ಮುಂಬಯಿಯಲ್ಲಿ ಕೋಳಿ ಸಾಕುವುದೇ ಎಂದು ನಗುವವರು ಒಮ್ಮೆ ಬೋರಿವಲಿಯಿಂದ ಲಾಂಚ್ ಹತ್ತಿ ಗೊರಾಯಿಗೋ, ಅಲ್ಲಿಂದ ಮನೋರಿ, ಉತ್ತನ್ ಕಡೆಗೋ ಹೋಗಿ ನೋಡಬೇಕು. ವಸಯಿಯ ಹಳೆಯ ಊರುಗಳಲ್ಲಿ, ಕೋಳಿವಾಡಗಳ ಓಣಿಗಳಲ್ಲಿ, ಆರೆ ಕಾಲೊನಿಯ ಆದಿವಾಸಿ ಪಾಡಾಗಳಲ್ಲಿ ಇವತ್ತಿಗೂ ಕೋಳಿ ಕೂಗಿಯೇ ಬೆಳಗಾಗುತ್ತದೆ. (ಅಂದಹಾಗೆ ಕೋಳಿವಾಡಕ್ಕೂ ನಮ್ಮ ಕೋಳಿಗೂ ಸಂಬಂಧವಿಲ್ಲ. ಕೋಳಿ ಎನ್ನುವುದು ಇಲ್ಲಿನ ಮೀನುಗಾರ ಸಮುದಾಯದ ಹೆಸರು. ಹೊಸದಾಗಿ ಊರಿನಿಂದ ಬಂದವರು ಈ ಹೆಸರು ಕೇಳಿ ಕೋಳಿ ಹುಡುಕಿಕೊಂಡು ಹೋಗುವುದುಂಟು!) ಮರಾಠಿಯವರು 'ಗಾವಠಿ' ಎನ್ನುವ ನಾಟಿ ಕೋಳಿಯ ಮೊಟ್ಟೆಗೆ ಫಾರ್ಮಿನ ಬಿಳಿ ಮೊಟ್ಟೆಗಿಂತ ಹೆಚ್ಚು ಬೆಲೆ. ನಾಲ್ಕು ಹೇಂಟೆ ಸಾಕಿದ ಮನೆಯಲ್ಲಿ ತರಕಾರಿಯ ಖರ್ಚಿಗಾದರೂ ಆದೀತು. ಒಂದು ರಾತ್ರಿ ಗೂಡಿನ ಹೊರಗುಳಿದರೆ ಆ ಲೆಕ್ಕವೆಲ್ಲ ತಲೆಕೆಳಗು.

ಊರಿನ ನೆನಪಿರುವವರು ಕೇಳುತ್ತಾರೆ, 'ನಮ್ಮ ಅಜ್ಜಿ ಕೋಳಿಗೆ ಯಾವ ಪಾಠ ಹೇಳಿಕೊಟ್ಟಿದ್ದಳು? ಹೊತ್ತು ಮುಳುಗಿದರೆ ತಾವಾಗಿಯೇ ಗೂಡು ಸೇರುತ್ತಿದ್ದವಲ್ಲ?' ನಿಜ. ಆದರೆ ಪಾಠ ಹೇಳುತ್ತಿದ್ದದ್ದು ಅಜ್ಜಿಯಲ್ಲ, ತಾಯಿಕೋಳಿ. ಇಪ್ಪತ್ತೊಂದು ದಿನ ಕಾವು ಕೂತು ಮರಿ ಮಾಡಿದ ಹೇಂಟೆ ಹಗಲೆಲ್ಲ ಮರಿಗಳನ್ನು ಹಿಂದೆ ಹಾಕಿಕೊಂಡು ತಿರುಗುತ್ತದೆ, ಕೆದಕಿ ತೋರಿಸುತ್ತದೆ, ಮುಸ್ಸಂಜೆಗೆ ಲೊಕ್ ಲೊಕ್ ಎಂದು ಕರೆದು ಗೂಡಿನೊಳಗೆ ಒಯ್ದು ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ. ಆರೆಂಟು ವಾರದ ಮೇಲೆ ಕುಕ್ಕಿ ದೂರ ಓಡಿಸುತ್ತದೆ. ಅಷ್ಟರೊಳಗೆ ದಾರಿ ಪಾಠವಾಗಿರುತ್ತದೆ. ಸಂತೆಯಲ್ಲಿ ಕೊಂಡ ಮರಿಗೆ ಈ ಭಾಗ್ಯವಿಲ್ಲ. ಅದು ಹುಟ್ಟಿದ್ದು ಯಂತ್ರದೊಳಗೆ, ಬಂದದ್ದು ರಟ್ಟಿನ ಡಬ್ಬಿಯಲ್ಲಿ. ರಸ್ತೆ ಬದಿಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರುತ್ತಾರಲ್ಲ, ಅವಂತೂ ಹೆಚ್ಚಾಗಿ ಮೊಟ್ಟೆ ಫಾರ್ಮಿನವರಿಗೆ ಬೇಡವಾದ ಹುಂಜದ ಮರಿಗಳು. ಮೊಟ್ಟೆಯ ಆಸೆಗೆ ಅವನ್ನು ತರಬೇಡಿ.

ಇಲ್ಲಿ ಒಂದು ವಿಷಯ ತಿಳಿದರೆ ಮುಂದಿನದೆಲ್ಲ ಸುಲಭ. ಮನೆಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿ. ಅದು ರಾತ್ರಿ ಮಲಗುವುದು ಮರದ ಕೊಂಬೆಯ ಮೇಲೆ. ಕತ್ತಲಾಗುವಾಗ ಎತ್ತರದ ಜಾಗ ಹುಡುಕಬೇಕು ಎನ್ನುವುದು ಕೋಳಿಗೆ ಹುಟ್ಟುಗುಣ, ಅದನ್ನು ಯಾರೂ ಕಲಿಸಬೇಕಿಲ್ಲ. ಆದರೆ 'ಈ ಹಲಗೆಯ ಪೆಟ್ಟಿಗೆಯೇ ನನ್ನ ಮನೆ' ಎನ್ನುವುದು ಹುಟ್ಟುಗುಣವಲ್ಲ, ಅದು ಅಭ್ಯಾಸ. ನಮ್ಮ ಕೆಲಸ ಈ ಎರಡನೆಯದನ್ನು ಮಾಡಿಸುವುದು, ಮೊದಲನೆಯದಕ್ಕೆ ಅಡ್ಡ ಬಾರದಿರುವುದು. ಇನ್ನು ಕಣ್ಣಿನ ವಿಚಾರ. ಹಗಲಿನಲ್ಲಿ ಕೋಳಿ ನಮಗಿಂತ ಹೆಚ್ಚು ಬಣ್ಣ ಕಾಣುತ್ತದೆ, ಮಬ್ಬು ಕವಿದರೆ ಮಾತ್ರ ಹೆಚ್ಚುಕಡಿಮೆ ಕುರುಡು. ನಮಗೆ ಇನ್ನೂ ಬೆಳಕಿದೆ ಅನ್ನಿಸುವ ಹೊತ್ತಿಗೇ ಗೂಡಿನ ಒಳಗು ಅದಕ್ಕೆ ಕಪ್ಪು ಗುಹೆ. ಆ ಗುಹೆಯೊಳಗೆ ಕಾಲಿಡಲು ಹೆದರಿ ಬೆಳಕಿರುವ ಕಡೆ ನಿಲ್ಲುತ್ತದೆ. ನಾಲಾಸೋಪಾರದ ಮರಿಗಳು ಮಾಡುತ್ತಿರುವುದು ಇದನ್ನೇ. ಹಟವೂ ಅಲ್ಲ, ದಡ್ಡತನವೂ ಅಲ್ಲ.

ಆದರೆ ಆ ತಾಯಿಗೆ ನನ್ನ ಮೊದಲ ಪ್ರಶ್ನೆ ಬೇರೆ: ಮರಿಗಳಿಗೆ ಎಷ್ಟು ವಾರ? ಮೈಮೇಲಿನ ಹತ್ತಿಯಂಥ ತುಪ್ಪುಳು ಉದುರಿ ನಿಜವಾದ ಗರಿ ಮೂಡಲು ಐದಾರು ವಾರ ಬೇಕು. ಅದಕ್ಕೂ ಮುಂಚೆ ಅವು ರಾತ್ರಿ ಹೊರಗಿನ ಗೂಡಿನಲ್ಲಿ ಇರಲೇಬಾರದು. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಮನೆಯೊಳಗೆ ದೊಡ್ಡ ರಟ್ಟಿನ ಡಬ್ಬಿ, ತಳಕ್ಕೆ ಭತ್ತದ ಹೊಟ್ಟು, ಒಂದು ಮೂಲೆಯ ಮೇಲೆ ನಲವತ್ತೋ ಅರವತ್ತೋ ವಾಟಿನ ಹಳೆಯ ಕಾಲದ ತಂತಿ ಬಲ್ಬು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಮರಿಗಳೆಲ್ಲ ಬಲ್ಬಿನಡಿ ಒಂದರ ಮೇಲೊಂದು ಬಿದ್ದರೆ ಚಳಿ, ಬಾಯಿ ತೆರೆದು ದೂರ ಓಡಿದರೆ ಸೆಕೆ, ಅಲ್ಲಲ್ಲಿ ಹರಡಿ ಮಲಗಿದರೆ ಸರಿ. ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ನಮ್ಮ ಏಪ್ರಿಲ್-ಮೇ ಸೆಕೆಯಲ್ಲಿ ಹಗಲು ಬಲ್ಬೇ ಬೇಡವಾದೀತು, ಜುಲೈ ಮಳೆಯ ರಾತ್ರಿಗಳಲ್ಲಿ ಬೇಕೇ ಬೇಕು. ಗರಿ ಬಾರದ ಮರಿಗಳು ಚಳಿಗೆ ಮೂಲೆಯಲ್ಲಿ ರಾಶಿಬಿದ್ದು ಅಡಿಯವು ಉಸಿರುಕಟ್ಟಿ ಸಾಯುವುದುಂಟು. ಆದ್ದರಿಂದ ಡಬ್ಬಿಯ ಮೂಲೆಗಳಿಗೆ ರಟ್ಟು ಬಗ್ಗಿಸಿಟ್ಟು ದುಂಡಗೆ ಮಾಡಿ.

ಗರಿ ಬಂತು, ಈಗ ಗೂಡಿಗೆ ಸ್ಥಳಾಂತರ. ಇಲ್ಲಿ ಎಲ್ಲರೂ ಅವಸರಪಡುತ್ತಾರೆ. ಬೆಳಿಗ್ಗೆ ಅಂಗಳಕ್ಕೆ ಬಿಟ್ಟು, ಸಂಜೆ ಗೂಡಿಗೆ ಹೋಗು ಎಂದರೆ ಅದು ಯಾಕೆ ಹೋದೀತು? ಆ ಗೂಡನ್ನು ಅದು ಹಿಂದೆಂದೂ ಕಂಡಿಲ್ಲ! ಮೊದಲು ಒಂದು ವಾರ ಪೂರ್ತಿ ಮರಿಗಳನ್ನು ಗೂಡಿನಲ್ಲೇ ಇಡಿ. ನೀರು ಅಲ್ಲೇ, ಕಾಳು ಅಲ್ಲೇ, ನಿದ್ದೆ ಅಲ್ಲೇ. ಗೂಡಿಗೆ ಹೊಂದಿಕೊಂಡಂತೆ ಜಾಲರಿ ಕಟ್ಟಿದ ಚಿಕ್ಕ ಆವರಣವಿದ್ದರೆ ಹಗಲು ಅಷ್ಟಕ್ಕೆ ಬಿಡಬಹುದು. ಏಳೆಂಟು ದಿನದಲ್ಲಿ 'ತಿನ್ನುವುದು, ಮಲಗುವುದು ಎಂದರೆ ಈ ಜಾಗ' ಎಂದು ತಲೆಗೆ ಹೋಗುತ್ತದೆ. ತಗಡಿನ ಮಾಡಿನ ಗೂಡಾದರೆ ಬೇಸಿಗೆಯಲ್ಲಿ ಮಧ್ಯಾಹ್ನ ಒಳಗೆ ಕೂಡಿಹಾಕಬೇಡಿ, ಬೆಂದುಹೋಗುತ್ತವೆ. ಮಾಡಿನ ಮೇಲೆ ಒದ್ದೆ ಗೋಣಿಚೀಲ ಹಾಕಿ, ಎರಡು ಬದಿಯಾದರೂ ಜಾಲರಿಯಿರಲಿ.

ಎರಡನೆಯ ವಾರ ಬಾಗಿಲು ತೆರೆಯಿರಿ, ಆದರೆ ಬೆಳಿಗ್ಗೆಯಲ್ಲ, ಹೊತ್ತು ಮುಳುಗಲು ಒಂದು ಗಂಟೆ ಇರುವಾಗ. ಆ ದಿನ ಮಧ್ಯಾಹ್ನದ ಕಾಳು ಸ್ವಲ್ಪ ಕಡಿಮೆಯಿರಲಿ. ಹಸಿದ ಮರಿ ದೂರ ಹೋಗುವುದಿಲ್ಲ. ಒಂದು ಗಂಟೆ ಕೆದಕಿ ಆಡಿಕೊಳ್ಳಲಿ, ಆಮೇಲೆ ಗೂಡಿನ ಒಳಗೇ ಕಾಳು ಹಾಕಿ ಕರೆಯಿರಿ. ದಿನ ಕಳೆದಂತೆ ಹೊರಗಿನ ಹೊತ್ತನ್ನು ಹೆಚ್ಚಿಸಿ. ಸಂಜೆಯ ಕಾಳು ಮಾತ್ರ ಎಂದಿಗೂ ಅಂಗಳದಲ್ಲಿ ಬೀಳಬಾರದು.

ಕರೆಯುವುದಕ್ಕೂ ಒಂದು ಕ್ರಮವಿದೆ. ಆಕಾಶವಾಣಿಯ ಆ ಹಳೆಯ ಆರಂಭದ ರಾಗ ನಿಮಗೆ ಗೊತ್ತು. ಮುಂಬಯಿಯಲ್ಲಿ ನೆಲೆಸಿದ್ದ ವಾಲ್ಟರ್ ಕೌಫ್‌ಮನ್ 1930ರ ದಶಕದಲ್ಲಿ ಮಾಡಿದ್ದೆಂದು ಹೇಳುವ ರಾಗ ಅದು. ಅದು ಕಿವಿಗೆ ಬಿದ್ದರೆ ಸಾಕು, ಗಡಿಯಾರ ನೋಡದೆ ಏಳುವವರಿದ್ದರು. ದಿನವೂ ಅದೇ ಹೊತ್ತಿಗೆ ಅದೇ ದನಿ, ಅದರ ಶಕ್ತಿ ಅಷ್ಟು. ಕೋಳಿಗೂ ಹಾಗೆಯೇ. ನೀವು ಕರಾವಳಿಯವರಾದರೂ ಸರಿ, ಕಲಬುರಗಿ ಕಡೆಯವರಾದರೂ ಸರಿ, ನಿಮ್ಮ ಮನೆಯಲ್ಲಿ ರೂಢಿಯಿದ್ದ ಕರೆ ಯಾವುದೋ ಅದನ್ನೇ ಕರೆಯಿರಿ, ಅದರ ಜೊತೆ ಒಂದು ತಗಡಿನ ಡಬ್ಬಿಯಲ್ಲಿ ಜೋಳ ಹಾಕಿ ಗಲಗಲ ಅಲ್ಲಾಡಿಸಿ. ಕಾಳು ಹಾಕುವಾಗ ಮಾತ್ರ ಆ ಸದ್ದು, ಬೇರೆ ಹೊತ್ತಿನಲ್ಲಿ ಬೇಡ. ನಾಲ್ಕೈದು ದಿನಕ್ಕೇ ಸದ್ದು ಕೇಳಿ ಓಡಿಬರುತ್ತವೆ. ಅಂದ ಮೇಲೆ ಪೊರಕೆಯನ್ನು ಒಳಗಿಡಿ. ಪೊರಕೆ ಹಿಡಿದು ಅಟ್ಟಿದರೆ ಮರಿ ಕಲಿಯುವುದು ಒಂದೇ ಪಾಠ: ಸಂಜೆ ಗೂಡಿನ ಹತ್ತಿರ ಹೋದರೆ ಅಪಾಯ. (ಬೆಳೆಯುವ ಮರಿಗೆ ಬರೀ ಅನ್ನ, ನುಚ್ಚು ಸಾಲದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಂಟು ವಾರದವರೆಗೆ ಅಂಗಡಿಯ ಸ್ಟಾರ್ಟರ್ ಫೀಡ್ ಕೊಡಿ, ಜೋಳ ಬರೀ ಆಸೆ ಹುಟ್ಟಿಸುವುದಕ್ಕೆ.)

ಬೆಳಕಿನ ಮಾತಿಗೆ ಬರೋಣ. ಗೂಡಿನೊಳಗೆ ಒಂದು ಸಣ್ಣ ದೀಪ, ಬ್ಯಾಟರಿಯದ್ದಾದರೂ ಆದೀತು, ಹೊತ್ತು ಮುಳುಗುವ ಮುಂಚೆ ಹಚ್ಚಿಡಿ. ಹೊರಗೆ ಕಪ್ಪಾಗುತ್ತಾ ಬಂದಂತೆ ಮರಿಗಳು ಬೆಳಕಿರುವ ಗೂಡಿನ ಕಡೆಗೆ ತಾವೇ ಸರಿಯುತ್ತವೆ. ಎಲ್ಲವೂ ಒಳಗೆ ಬಂದು ಕೂತ ಮೇಲೆ ದೀಪ ಆರಿಸಿ. ನೆಲದ ಮೇಲೆ ಅಡ್ಡಾಡುತ್ತಿರುವಾಗಲೇ ತಟ್ಟನೆ ಆರಿಸಿದರೆ ಕೂರುವ ಕೋಲು ಕಾಣದೆ ಅಲ್ಲೇ ಕಂಗಾಲಾಗುತ್ತವೆ. ಎರಡು ವಾರದ ಮೇಲೆ ದೀಪದ ಅಗತ್ಯವೇ ಇರುವುದಿಲ್ಲ.

ಹಳ್ಳಿಯಲ್ಲಿ ಅಷ್ಟಾಗಿ ಇಲ್ಲದ ಒಂದು ತೊಡಕು ಈ ನಗರದಲ್ಲಿದೆ. ಇಲ್ಲಿ ಕತ್ತಲೇ ಆಗುವುದಿಲ್ಲ! ಬೀದಿದೀಪ, ಪಕ್ಕದ ಸೊಸೈಟಿಯ ಹ್ಯಾಲೊಜನ್, ನವರಾತ್ರಿ ಬಂದರೆ ಇಡೀ ಗಲ್ಲಿಗೆ ಸರದೀಪ. ನಿಮ್ಮ ಅಂಗಳದ ಗೋಡೆಗೆ ರಾತ್ರಿಯಿಡೀ ಬೆಳಕು ಬೀಳುತ್ತಿದ್ದರೆ ಕೋಳಿಗೆ ಗೂಡಿಗಿಂತ ಆ ಗೋಡೆಯೇ ಚೆನ್ನ. ಎಷ್ಟು ಹೊತ್ತಾದರೂ ಮಲಗದೆ ಅಲ್ಲೇ ಕುಳಿತಿರುತ್ತದೆ. ಸಾಧ್ಯವಾದರೆ ಗೂಡಿನ ಬಾಗಿಲು ಬೆಳಕಿನ ಕಡೆಗಿರಲಿ, ಮಲಗುವ ಕೋಲುಗಳು ಹಿಂದಿನ ಕತ್ತಲ ಕಡೆಗಿರಲಿ. ಇಲ್ಲವಾದರೆ ಗೋಡೆಗೆ ಒಂದು ಹಳೆಯ ಚಾದರ ಅಡ್ಡ ಕಟ್ಟಿ.

ಮಲಗುವ ಕೋಲೂ ಮುಖ್ಯವೇ. ಎತ್ತರ ಬೇಕು ಎನ್ನುವ ಹುಟ್ಟುಗುಣಕ್ಕೆ ಗೂಡಿನೊಳಗೆ ಜಾಗ ಸಿಗದಿದ್ದರೆ ಅದು ಹೊರಗಿನ ನುಗ್ಗೆಮರವನ್ನೋ ಶೆಡ್ಡಿನ ಮಾಡನ್ನೋ ಹುಡುಕುತ್ತದೆ. ಎರಡು ಇಂಚು ದಪ್ಪದ ಬಿದಿರು ಸಾಕು, ಕಾಲಿಗೆ ಚುಚ್ಚದಂತೆ ಗಂಟು ಸವರಿ. ಚಿಕ್ಕ ಮರಿಗಳಿಗೆ ನೆಲದಿಂದ ಒಂದಡಿ ಎತ್ತರ, ಬೆಳೆದಂತೆ ಮೇಲಿನ ಮೆಟ್ಟಿಲು. ತಲೆಗೊಂದರಂತೆ ಆರರಿಂದ ಎಂಟು ಇಂಚು ಉದ್ದ ಸಿಗಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ರೂಪಿಸಿದ ಗಿರಿರಾಜದಂಥ ಭಾರದ ತಳಿಯಾದರೆ ಎತ್ತರ ಬೇಡ. ಅವಕ್ಕೆ ಹಾರಲು ಮೈ ಬಗ್ಗುವುದಿಲ್ಲ, ಧುಮುಕಿದರೆ ಕಾಲಿಗೆ ಪೆಟ್ಟು. ಮೊಟ್ಟೆಯಿಡುವ ಪೆಟ್ಟಿಗೆ ಯಾವತ್ತೂ ಮಲಗುವ ಕೋಲಿಗಿಂತ ತಗ್ಗಿನಲ್ಲಿರಬೇಕು, ಇಲ್ಲದಿದ್ದರೆ ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ. ಎರಡು ತಿಂಗಳಾಗುವ ಮುಂಚೆ ಕೋಲಿನ ಮೇಲೆ ಕೂರದೆ ನೆಲದಲ್ಲಿ ಒತ್ತಿ ಮಲಗಿದರೆ ಚಿಂತೆ ಬೇಡ. ಗೂಡಿನೊಳಗಿದ್ದರೆ ಸಾಕು.

ಇಷ್ಟೆಲ್ಲ ಮಾಡಿದರೂ ಒಂದೆರಡು ಮರಿ ಹೊರಗುಳಿಯುತ್ತವೆ. ಆಗ ಸುಮ್ಮನೆ ಪೂರ್ತಿ ಕತ್ತಲಾಗುವವರೆಗೆ ಕಾಯಿರಿ. ಕಣ್ಣು ಕಾಣದ ಕೋಳಿ ಓಡುವುದಿಲ್ಲ. ಎರಡೂ ಕೈಯಿಂದ ರೆಕ್ಕೆ ಒತ್ತಿಹಿಡಿದು ನಿಧಾನವಾಗಿ ಎತ್ತಿ, ಒಳಗೆ ಕೋಲಿನ ಮೇಲೆ ಕೂರಿಸಿ. ಬಾಗಿಲಲ್ಲಿ ತಳ್ಳಿ ಬಿಡಬೇಡಿ, ಮಲಗುವ ಜಾಗದಲ್ಲೇ ಕೂರಿಸಬೇಕು. ಬೆಳಿಗ್ಗೆ ಅದು ಏಳುವುದು ಅಲ್ಲೇ ತಾನೆ? ನಾಲ್ಕೈದು ರಾತ್ರಿ, ಮೊಂಡು ಮರಿಯಾದರೆ ಹತ್ತು ರಾತ್ರಿ ಹೀಗೆ ಮಾಡಬೇಕಾದೀತು. ಒಂದು ಧೈರ್ಯದ ಮರಿ ಕಲಿತರೆ ಉಳಿದವು ಅದರ ಹಿಂದೆ ಹೋಗುತ್ತವೆ.

ಗೂಡಿನಲ್ಲಿ ಮೊದಲೇ ದೊಡ್ಡ ಕೋಳಿಗಳಿದ್ದರೆ ಕಥೆ ಬೇರೆ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎನ್ನುವ ಮೇಲು-ಕೀಳಿನ ಸಾಲು ಇರುತ್ತದೆ. ನಾರ್ವೆಯ ಷೆಲ್ಡರಪ್-ಎಬ್ಬೆ ಎನ್ನುವವರು 1920ರ ದಶಕದ ಆರಂಭದಲ್ಲಿ ಇದನ್ನು ಬರೆದಿಟ್ಟರು. ನಮ್ಮ ಅತ್ತೆಯಂದಿರಿಗೆ ಅದು ಮೊದಲೇ ಗೊತ್ತಿತ್ತು, ಬಿಡಿ. ಹೊಸ ಮರಿ ಬಾಗಿಲಿಗೆ ಬಂದರೆ ಹಳೆಯ ಹೇಂಟೆ ತಲೆಗೆ ಕುಕ್ಕುತ್ತದೆ, ಮರಿ ಹೊರಗೇ ಉಳಿಯುತ್ತದೆ. ಒಂದೆರಡು ವಾರ ನಡುವೆ ಜಾಲರಿ ಇಟ್ಟು ಒಂದನ್ನೊಂದು ನೋಡಿಕೊಂಡಿರುವಂತೆ ಮಾಡಿ, ಮರಿಗಳಿಗೆ ಬೇರೆ ಕೋಲು ಕೊಡಿ, ಆಮೇಲೆ ರಾತ್ರಿಯಲ್ಲಿ ಸೇರಿಸಿ.

ಒಳಗೆ ಹೋಯಿತು ಎಂದ ಮಾತ್ರಕ್ಕೆ ಮುಗಿಯಲಿಲ್ಲ. ಬಾಗಿಲು ಹಾಕುವವರು ಯಾರು? ಚರ್ಚ್‌ಗೇಟಿನಿಂದ ವಿರಾರ್ ಲೋಕಲ್ ಹಿಡಿದು ಮನೆ ಸೇರುವಾಗ ಎಂಟೂವರೆ. ಮುಂಬಯಿಯಲ್ಲಿ ಜೂನ್ ಕೊನೆಗೆ ಹೊತ್ತು ಮುಳುಗುವುದು ಸಂಜೆ 7.20ರ ಸುಮಾರಿಗೆ, ನವೆಂಬರ್ ಕೊನೆಗೆ 6ಕ್ಕೇ. ಅಂದರೆ ಚಳಿಗಾಲದಲ್ಲಿ ಎರಡೂವರೆ ಗಂಟೆ ಬಾಗಿಲು ತೆರೆದೇ ಇರುತ್ತದೆ. ಕೋಳಿಗಳು ನಿಮ್ಮ ಗಡಿಯಾರ ನೋಡುವುದಿಲ್ಲ, ಆಕಾಶ ನೋಡುತ್ತವೆ. ಮಳೆಗಾಲದಲ್ಲಿ ಕಾರ್ಮೋಡ ಕವಿದರೆ ಇನ್ನೂ ಬೇಗ ಒಳಸೇರುತ್ತವೆ. ಮನೆಯಲ್ಲಿರುವ ಒಬ್ಬರು, ಅಜ್ಜನಾಗಲಿ ಶಾಲೆಯ ಮಗುವಾಗಲಿ, ಹೊತ್ತು ಮುಳುಗಿದ ಅರ್ಧ ಗಂಟೆಗೆ ಎಣಿಸಿ, ಬಾಗಿಲು ಹಾಕಿ, ಚಿಲಕ ಜಡಿಯಬೇಕು. ಎಣಿಸುವುದನ್ನು ಬಿಡಬೇಡಿ. ಬೆಳಕು ಕಂಡು ತಾನೇ ಮುಚ್ಚುವ ಬಾಗಿಲುಗಳು ಈಗ ಸಿಗುತ್ತವೆ. ಒಳ್ಳೆಯದೇ, ಆದರೆ ಹೊರಗುಳಿದ ಮರಿಯನ್ನು ಅದು ಕರೆದು ತರುವುದಿಲ್ಲ.

ಇನ್ನು ನಮ್ಮ ನಗರದ ಕಳ್ಳರು. ಮರಾಠಿಯಲ್ಲಿ ಘೂಸ್ ಎನ್ನುವ ಹೆಗ್ಗಣವೇ ಮೊದಲನೆಯದು. ಅದು ಅಡಿಯಿಂದ ಬಿಲ ತೋಡಿ ಬರುತ್ತದೆ. ಅಂಗಡಿಯಲ್ಲಿ 'ಕೋಳಿ ಜಾಲಿ' ಎಂದು ಕೊಡುವ ಆರುಮೂಲೆ ಕಣ್ಣಿನ ತೆಳುತಂತಿ ಕೋಳಿಯನ್ನು ಒಳಗಿಡುತ್ತದೆ ಅಷ್ಟೆ, ಹೆಗ್ಗಣವನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ಬೆಸುಗೆ ಹಾಕಿದ ಗಟ್ಟಿ ಜಾಲರಿ ಕೇಳಿ ತನ್ನಿ, ನೆಲಕ್ಕೂ ಹಾಸಿ, ಇಲ್ಲವೇ ಸಿಮೆಂಟು ಬಳಿಸಿ. ಗೂಡು ನೆಲದಿಂದ ಒಂದೂವರೆ ಅಡಿ ಮೇಲಿದ್ದರೆ ಇನ್ನೂ ಒಳ್ಳೆಯದು. ಚೆಲ್ಲಿದ ಕಾಳು ರಾತ್ರಿ ಉಳಿಯಬಾರದು, ಹೆಗ್ಗಣಕ್ಕೆ ಅದೇ ಆಮಂತ್ರಣ. ಮುಂಗುಸಿ, ಪುನುಗು ಬೆಕ್ಕು, ಮಳೆಗಾಲದಲ್ಲಿ ಹಾವು ಇವೆಲ್ಲ ಉಪನಗರಗಳಲ್ಲಿ ಇದ್ದೇ ಇವೆ. ಸುಮಾರು 104 ಚದರ ಕಿಲೋಮೀಟರಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನವರಿಗೆ, ಅಂದರೆ ಆರೆ, ಮುಲುಂಡ್, ಠಾಣೆಯ ಯೇವೂರ್ ಕಡೆಯವರಿಗೆ, ಚಿರತೆಯ ಲೆಕ್ಕವೂ ಇದೆ. ಚಿರತೆಗೆ ಜಾಲರಿ ಯಾವ ಲೆಕ್ಕ? ಅಲ್ಲಿ ಗೂಡು ಮನೆಯ ಗೋಡೆಗೆ ತಾಗಿ ಗಟ್ಟಿ ಮಾಡಿನ ಕೆಳಗಿರಲಿ. ಕಸ ಎಸೆದರೆ ನಾಯಿ, ನಾಯಿಯ ಹಿಂದೆ ಚಿರತೆ ಬರುತ್ತದೆಂದು ನೆನಪಿಡಿ. ಸಂಜೆ ಕೋಳಿ ಕರೆಯಲು ಮಗುವನ್ನು ಒಂಟಿಯಾಗಿ ಪೊದೆಯ ಕಡೆಗೆ ಕಳಿಸಬೇಡಿ. ಒಂದು ಕೋಳಿ ಹೋದರೆ ಹೋಗಲಿ.

ಕಾಳನ್ನು ಗೂಡಿನೊಳಗೇ ಹಾಕಿ ಎಂದೆನಲ್ಲ, ಅದಕ್ಕೆ ಇನ್ನೊಂದು ಕಾರಣವಿದೆ. ಅಂಗಳದ ಕಾಳಿಗೆ ಕಾಗೆ, ಪಾರಿವಾಳ ಬರುತ್ತವೆ. 2006ರಲ್ಲಿ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ ಹಕ್ಕಿಜ್ವರ ಬಂದದ್ದು ಎಲ್ಲರಿಗೂ ನೆನಪಿದೆ. 2021ರ ಜನವರಿಯಲ್ಲಿ ನಮ್ಮ ಚೆಂಬೂರಿನಲ್ಲಿ ಸತ್ತ ಕಾಗೆಗಳಲ್ಲೂ ಅದು ಕಂಡಿತು, 2022ರ ಫೆಬ್ರವರಿಯಲ್ಲಿ ಠಾಣೆ ಜಿಲ್ಲೆಯ ಶಹಾಪುರದಲ್ಲಿ ಕೋಳಿಗಳಿಗೇ ಬಂತು. ಕೋಳಿಗಳು ಒಮ್ಮೆಗೇ ಸಾಯತೊಡಗಿದರೆ ಮುಟ್ಟಬೇಡಿ, ಪಶುವೈದ್ಯ ಇಲಾಖೆಗೆ ತಿಳಿಸಿ. ನಾವು ಕೊಕ್ಕರೆ ರೋಗ ಎನ್ನುವ ರಾಣಿಖೇತಿಗೆ ಲಸಿಕೆಯಿದೆ. ಮರಿ ವಾರದ್ದಿರುವಾಗಲೇ ಕಣ್ಣಿಗೋ ಮೂಗಿಗೋ ಹನಿ ಹಾಕಿಸಬೇಕು. ಹತ್ತಿರದ ಪಶುವೈದ್ಯರಲ್ಲಿ ವಿಚಾರಿಸಿ. ಪರೇಲಿನಲ್ಲಿ 1886ರಷ್ಟು ಹಳೆಯ ಪಶುವೈದ್ಯ ಕಾಲೇಜೇ ಇದೆ. ಸೊಸೈಟಿಯಲ್ಲಿ ಇರುವವರು ಮೊದಲು ನೆರೆಹೊರೆಯವರನ್ನು, ವಾರ್ಡ್ ಕಚೇರಿಯನ್ನು ಕೇಳಿಕೊಳ್ಳಿ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ. ಬೆಳಗಿನ ನಾಲ್ಕಕ್ಕೆ ಕೂಗುವ ಹುಂಜಕ್ಕೆ ಮೂರನೆಯ ಮಹಡಿಯಲ್ಲಿ ಅಭಿಮಾನಿಗಳು ಸಿಗುವುದು ಕಷ್ಟ.

ಕೊನೆಯದಾಗಿ, ತಿಂಗಳುಗಟ್ಟಲೆ ಸರಿಯಾಗಿ ಗೂಡು ಸೇರುತ್ತಿದ್ದ ಕೋಳಿಗಳು ಒಂದು ದಿನ ಇದ್ದಕ್ಕಿದ್ದಂತೆ ಒಳಗೆ ಹೋಗಲು ಒಪ್ಪದಿದ್ದರೆ ಅವುಗಳನ್ನು ಬೈಯಬೇಡಿ, ಗೂಡನ್ನು ನೋಡಿ. ರಾತ್ರಿ ಟಾರ್ಚ್ ಹಿಡಿದು ಕೋಲಿನ ಅಡಿಭಾಗ, ಹಲಗೆಯ ಸಂದುಗಳನ್ನು ಪರೀಕ್ಷಿಸಿ. ಹಗಲು ಸಂದಿಯಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುವ ಕೆಂಪು ನುಸಿ ಅಲ್ಲಿರುತ್ತದೆ, ಬೆರಳಿನಿಂದ ಒರೆಸಿದರೆ ರಕ್ತದ ಗೆರೆ ಬೀಳುತ್ತದೆ. ಕೋಳಿಗಳನ್ನು ಹೊರಗೆ ತೆಗೆದು, ಕೋಲುಗಳನ್ನು ಬಿಚ್ಚಿ ಕುದಿನೀರು ಹೊಯ್ದು, ಬಿಸಿಲಿಗೆ ಒಣಗಿಸಿ, ಸಂದುಗಳಿಗೆಲ್ಲ ಸುಣ್ಣ ಬಳಿಯಿರಿ, ವಾರದ ಮೇಲೆ ಇನ್ನೊಮ್ಮೆ ಬಳಿಯಿರಿ. ನುಸಿ ಇಲ್ಲದಿದ್ದರೆ ಗೂಡಿನೊಳಗೆ ಕೋಳಿ ಮಲಗುವ ಎತ್ತರಕ್ಕೆ ಬಗ್ಗಿ ಒಮ್ಮೆ ಉಸಿರೆಳೆದು ನೋಡಿ. ನಿಮ್ಮ ಕಣ್ಣು ಉರಿದರೆ ಅವುಗಳದ್ದೂ ಉರಿಯುತ್ತಿದೆ, ಹೊಟ್ಟು ಬದಲಿಸಿ. ಅದೂ ಅಲ್ಲವೆಂದರೆ ಹಿಂದಿನ ರಾತ್ರಿ ಏನೋ ಒಳಗೆ ಬಂದು ಹೆದರಿಸಿರಬೇಕು, ತೂತು ಹುಡುಕಿ. ದೀಪಾವಳಿಯ ವಾರ ಮಾತ್ರ ಈ ಯಾವ ಕಾರಣವೂ ಬೇಡ, ಪಟಾಕಿಯೇ ಸಾಕು. ಆ ನಾಲ್ಕು ದಿನ ಮಾಮೂಲಿಗಿಂತ ಒಂದು ಗಂಟೆ ಮುಂಚೆ ಕಾಳಿನ ಡಬ್ಬಿ ಅಲ್ಲಾಡಿಸಿ ಒಳಗೆ ಕರೆದು, ಗಾಳಿಗೆ ಒಂದು ಬದಿ ಬಿಟ್ಟು, ಗೂಡಿಗೆ ಗೋಣಿಚೀಲ ಹೊದಿಸಿ.

ನಿಮ್ಮಲ್ಲಿ ಯಾರಾದರೂ ವಸಯಿ, ಕಲ್ಯಾಣ್ ಕಡೆ ಕೋಳಿ ಸಾಕಿ ಮುಂಗುಸಿಯ ಕಾಟ ಗೆದ್ದವರಿದ್ದರೆ ದಯವಿಟ್ಟು ಬರೆಯಿರಿ. ನಾಲಾಸೋಪಾರದ ಆ ಮನೆಗೆ ನಿಮ್ಮ ಪತ್ರ ತಲುಪಿಸುವ ಹೊಣೆ ನಮ್ಮದು.